ಬಾಯಿಲ್ಲದ ಹುಳುವಿನ ಊಟ

ಗಾಳಿ ಕುಡಿದೇ ಬದುಕುವ ಬಾಬಾಗಳನ್ನು ಗೇಲಿ ಮಾಡುತ್ತೀರಲ್ಲ, ಬಾಯಿ-ಹೊಟ್ಟೆ ಎರಡೂ ಇಲ್ಲದ ಹುಳು ಸಮುದ್ರದ ತಳದಲ್ಲಿದೆಯಂತೆ, ಅದಕ್ಕೇನನ್ನುತ್ತೀರಿ ಎಂದು ಓದುಗರೊಬ್ಬರು ಸವಾಲು ಹಾಕಿದ್ದಾರೆ.

ಹುಳು ಇರುವುದು ನಿಜ. ಹೆಸರು ರಿಫ್ಟಿಯಾ. 1977ರಲ್ಲಿ ಆಲ್ವಿನ್ ಎಂಬ ಪುಟ್ಟ ಜಲಾಂತರ್ಗಾಮಿಯಲ್ಲಿ ಗಲಾಪಗೊಸ್ ಬಳಿ ಎರಡೂವರೆ ಕಿಲೋಮೀಟರ್ ಆಳಕ್ಕಿಳಿದ ಭೂವಿಜ್ಞಾನಿಗಳು ಹುಡುಕುತ್ತಿದ್ದುದು ಬಿಸಿನೀರ ಬುಗ್ಗೆಗಳನ್ನು. ಕಂಡದ್ದು ಬುಗ್ಗೆಯ ಸುತ್ತ ಆಳೆತ್ತರದ ಬಿಳಿ ಕೊಳವೆಗಳು, ಒಂದೊಂದರ ತುದಿಯಲ್ಲೂ ಕಡುಗೆಂಪು ಗರಿ. ತಂಡದಲ್ಲಿ ಜೀವವಿಜ್ಞಾನಿ ಒಬ್ಬರೂ ಇರಲಿಲ್ಲ! ಕೆಲವು ಮಾದರಿಗಳನ್ನು ಕೆಡದಂತಿಡಲು ವೋಡ್ಕಾದಲ್ಲಿ ಮುಳುಗಿಸಬೇಕಾಯಿತು.

ಇದು ತಿನ್ನುವುದಾದರೂ ಹೇಗೆ? ಹಾರ್ವರ್ಡ್‌ನಲ್ಲಿ ಉಪನ್ಯಾಸ ಕೊಡುತ್ತಿದ್ದ ಹುಳುತಜ್ಞ ಮೆರೆಡಿತ್ ಜೋನ್ಸ್, ಇದರ ದೇಹದೊಳಗೆ ಗಂಧಕದ ಹರಳುಗಳಿವೆ ಎಂದರು. ಕೇಳುತ್ತ ಕೂತಿದ್ದ ವಿದ್ಯಾರ್ಥಿನಿ ಕೊಲೀನ್ ಕ್ಯಾವನಾ ತಟ್ಟನೆ ಎದ್ದು, ಹಾಗಾದರೆ ಒಳಗೆ ಗಂಧಕದಿಂದ ಜೀವಿಸುವ ಬ್ಯಾಕ್ಟೀರಿಯಾ ಇರಲೇಬೇಕು ಎಂದರು. ಇದ್ದವು, ಒಂದೊಂದು ಗ್ರಾಂ ಅಂಗಾಂಶದಲ್ಲಿ ನೂರಾರು ಕೋಟಿ! 1981ರಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ಮರಿಗೆ ಬಾಯಿ, ಕರುಳು ಇರುತ್ತವೆ. ಚರ್ಮ ಕೊರೆದು ಬ್ಯಾಕ್ಟೀರಿಯಾಗಳು ಒಳಸೇರಿದ ಮೇಲೆ ಆ ಬಾಯಿ, ಕರುಳು ಅಳಿಸಿಹೋಗುತ್ತವೆ. ಅಡುಗೆಯವರು ಮನೆಯೊಳಗೇ ಬಿಡಾರ ಹೂಡಿದ ಮೇಲೆ ಬಾಗಿಲೇಕೆ?

ಆದರೆ ಸಾಮಗ್ರಿ ಹೊರಗಿನಿಂದ ಬರಲೇಬೇಕು. ಬುಗ್ಗೆಯ ನೀರಿನ ಹೈಡ್ರೋಜನ್ ಸಲ್ಫೈಡ್, ಕಡಲ ನೀರಿನ ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಎಲ್ಲವನ್ನೂ ಆ ಗರಿ ಹೀರಿಕೊಳ್ಳುತ್ತದೆ. ಬುಗ್ಗೆ ಬತ್ತಿದರೆ ಹುಳುವೂ ಸತ್ತಿತು; ಯಾವ ತಪಸ್ಸೂ ಕಾಯದು. ನಮ್ಮೂರ ಮ್ಯಾನ್‌ಹೋಲ್‌ಗಳಲ್ಲಿ ಕಾರ್ಮಿಕರನ್ನು ಕೊಲ್ಲುವ ಅನಿಲವೇ ಈ ಸಲ್ಫೈಡ್. ಹುಳುವಿನ ಹಿಮೋಗ್ಲೋಬಿನ್ ಮಾತ್ರ ಅದನ್ನೂ ಆಮ್ಲಜನಕವನ್ನೂ ಬೇರೆಬೇರೆ ಜಾಗದಲ್ಲಿ ಹಿಡಿದು ಒಟ್ಟಿಗೇ ಸಾಗಿಸುತ್ತದೆ. ವಿಷ ವಿಷವಾಗಿ ಕೆಲಸ ಮಾಡಲು ಬಿಡುವುದೇ ಇಲ್ಲ. ಗರಿಯ ಕೆಂಪೂ ಇದರದ್ದೇ.

"ಸೂರ್ಯನ ಹಂಗಿಲ್ಲದ ಜೀವಿ" ಎಂದು ಕೊಂಡಾಡುವ ವಿಜ್ಞಾನಪ್ರಿಯರ ಮೇಲೂ ನನಗೆ ತಕರಾರಿದೆ. ಬ್ಯಾಕ್ಟೀರಿಯಾಗಳು ಸಲ್ಫೈಡ್‌ನಿಂದ ಶಕ್ತಿ ತೆಗೆಯಲು ಆಮ್ಲಜನಕ ಬೇಕು. ಆ ಕತ್ತಲೆಯಲ್ಲಿ ಅದನ್ನು ತಯಾರಿಸುವವರಿಲ್ಲ. ಮೇಲೆ ಬಿಸಿಲಿನಲ್ಲಿ ಪಾಚಿ, ಗಿಡಮರಗಳು ಬಿಟ್ಟದ್ದೇ ತಣ್ಣನೆಯ ಭಾರವಾದ ನೀರಿನೊಡನೆ ಧ್ರುವಪ್ರದೇಶಗಳಲ್ಲಿ ಮುಳುಗಿ, ಶತಮಾನಗಟ್ಟಲೆ ತೆವಳಿ ಅಲ್ಲಿಗೆ ತಲುಪುತ್ತದೆ.