ಮೀನು–ತೋಫು ಸೂಪ್: ಕೊರಿಯಾದ ಸಾರು ನಮ್ಮ ಒಲೆಯ ಮೇಲೆ

"ಡಾಕ್ಟ್ರೇ, ಮೀನಿನ ಜೊತೆ ಪನೀರ್ ಹಾಕಿ ಕುದಿಸ್ತೀನಿ ಅಂತಾಳೆ ಇವಳು. ತೊನ್ನು ಬಂದರೆ ಯಾರು ಹೊಣೆ?"

ಕಳೆದ ಮಳೆಗಾಲದಲ್ಲಿ ನನ್ನ ದವಾಖಾನೆಗೆ ಬಂದ ತಾಯಿಯೊಬ್ಬರು ಕೇಳಿದ ಪ್ರಶ್ನೆ ಇದು. ಪಕ್ಕದಲ್ಲಿ ಹದಿನಾರರ ಮಗಳು ಮುಖ ಊದಿಸಿಕೊಂಡು ಕೂತಿದ್ದಳು. ಮನೆಯಲ್ಲಿ ದಾದಿಗೆ ಜ್ವರ ಬಿಟ್ಟು ಹತ್ತು ದಿನವಾಗಿತ್ತು, ಆದರೆ ಬಾಯಿಗೆ ರುಚಿ ಬಂದಿರಲಿಲ್ಲ. ಗಂಜಿ ಕಂಡರೆ ಮುಖ ತಿರುಗಿಸುತ್ತಿದ್ದರು. ಕೊರಿಯನ್ ಧಾರಾವಾಹಿಗಳನ್ನು ನೋಡುವ ಮೊಮ್ಮಗಳು, ಅಲ್ಲಿಯ ಮನೆಗಳಲ್ಲಿ ಮಾಡುವ ಮೀನು–ತೋಫು ಸೂಪ್ ಮಾಡಿಕೊಡುತ್ತೇನೆಂದು ಹೊರಟಿದ್ದಳು. ನಿಮ್ಮ ಮನೆಯಲ್ಲೂ ಇದೇ ಮಾತು ಬರಬಹುದು. ಆದ್ದರಿಂದ ಅವರಿಗೆ ಹೇಳಿದ್ದನ್ನೂ, ಹೇಳಲು ಮರೆತದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ತೋಫು ಹಾಲಿನ ಪದಾರ್ಥವಲ್ಲ

ಮೀನು ಮತ್ತು ಹಾಲನ್ನು ಒಟ್ಟಿಗೆ ಸೇವಿಸಬಾರದೆಂಬುದು ಯುನಾನಿ ವೈದ್ಯರ ಹಳೆಯ ಸಲಹೆ. ಆದರೆ ಅಂಗಡಿಯವರು 'ಸೋಯಾ ಪನೀರ್' ಎಂದು ಕೊಡುವ ತೋಫುವಿನಲ್ಲಿ ಹಸುವಿನ ಹಾಲು ಒಂದು ತೊಟ್ಟೂ ಇರುವುದಿಲ್ಲ. ಸೋಯಾ ಕಾಳನ್ನು ನೆನೆಸಿ, ರುಬ್ಬಿ, ಹಿಂಡಿ ಕಾಯಿಸಿದ ರಸವನ್ನು ಖನಿಜ ಲವಣದಿಂದ ಒಡೆಸಿ ಗಟ್ಟಿ ಮಾಡಿದರೆ ಅದೇ ತೋಫು. ಕೊರಿಯಾದಲ್ಲಿ ಇದಕ್ಕೆ 'ದುಬು' ಎನ್ನುತ್ತಾರೆ.

ಇನ್ನೊಂದು ಮಾತು. ಮೀನು ಮತ್ತು ಹಾಲು ಸೇರಿದರೆ ತೊನ್ನು ಬರುತ್ತದೆ ಎನ್ನಲು ಇಂದಿನ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಚರ್ಮಕ್ಕೆ ಬಣ್ಣ ಕೊಡುವ ಕಣಗಳನ್ನು ನಾಶಮಾಡುವುದರಿಂದ ತೊನ್ನು ಬರುತ್ತದೆ. ಅದು ಅಂಟುರೋಗವಲ್ಲ. ತೊನ್ನು ಇರುವ ಮಗುವಿನ ತಾಯಿಗೆ "ಬಸುರಿಯಲ್ಲಿ ಏನು ತಿಂದಿದ್ದೆ?" ಎಂದು ಕೇಳುವ ರೂಢಿಯನ್ನು ನಾವು ಬಿಡಬೇಕು.

ಬಿಸಿ ಸಾರು ಕುಡಿದು 'ತಂಪು' ಎನ್ನುವವರು

ಕೊರಿಯನ್ನರ ಊಟದಲ್ಲಿ ಅನ್ನದ ಪಕ್ಕ ಒಂದು ಬಟ್ಟಲು ಸಾರು ಸಾಮಾನ್ಯ. ಕಾಡ್, ಪೊಲಾಕ್‌ನಂತಹ ತಣ್ಣೀರಿನ ಬಿಳಿ ಮೀನನ್ನು ಮೂಲಂಗಿ, ಬೆಳ್ಳುಳ್ಳಿ, ತೋಫು ಜೊತೆ ಬೇಯಿಸುತ್ತಾರೆ. ಕೆಲವರು ತಿಳಿಯಾಗಿ, ಕೆಲವರು ಮೆಣಸಿನ ಪುಡಿ ಹಾಕಿ ಕೆಂಪಗೆ ಮಾಡುತ್ತಾರೆ. ಸುಡುವ ಸಾರನ್ನು ಗುಟುಕರಿಸಿ ಅವರು ಹೇಳುವ ಮಾತು 'ಷಿವೊನ್‌ಹದಾ', ಅಂದರೆ 'ತಂಪಾಯಿತು'. ನಾಲಿಗೆಗೆ ಬಿಸಿಯಾದರೂ ಒಡಲಿಗೆ ಹಾಯೆನಿಸಿತು ಎಂದು ಅರ್ಥ. ಯುನಾನಿಯಲ್ಲಿ ನಾವು 'ತಸ್ಕೀನ್' ಎನ್ನುವುದೂ ಇಂಥ ಸಮಾಧಾನಕ್ಕೇ.

ನಮ್ಮ ಪದ್ಧತಿಯಲ್ಲಿ ಮೀನಿನ ಮಿಜಾಜ್ ಶೀತ ಮತ್ತು ತೇವ. ಅದನ್ನು ಸರಿದೂಗಿಸಲು ಶುಂಠಿ, ಬೆಳ್ಳುಳ್ಳಿ, ಕರಿಮೆಣಸು ಸೇರಿಸುತ್ತೇವೆ. ಈ ಸೂಪಿನಲ್ಲಿ ಆ ಕೆಲಸ ತಾನಾಗಿಯೇ ಆಗುತ್ತದೆ. ಕಾಯಿಲೆಯಿಂದ ಚೇತರಿಸಿಕೊಳ್ಳುವವರಿಗೆ ಬೇಕಾದದ್ದು ಸುಲಭವಾಗಿ ಜೀರ್ಣವಾಗುವ ಪ್ರೋಟೀನ್. ಹಲ್ಲಿಲ್ಲದವರೂ ನುಂಗಬಹುದಾದ ಮೆತ್ತಗಿನ ಮೀನು ಮತ್ತು ತೋಫು ಎರಡರಲ್ಲೂ ಅದಿದೆ.

ನಾಲ್ವರಿಗೆ ಬೇಕಾಗುವ ಸಾಮಗ್ರಿ

ಬಿಳಿ ಮಾಂಸದ ಮೀನು 400 ಗ್ರಾಂ (ಕಾಣೆ ಅಥವಾ ಅಂಜಲ್, ಒಳನಾಡಿನವರು ರೋಹು, ಕಾಟ್ಲಾ ಬಳಸಬಹುದು), ಅದರ ತಲೆ ಮತ್ತು ನಡುಮುಳ್ಳು, ತೋಫು 200 ಗ್ರಾಂ, ಬಿಳಿ ಮೂಲಂಗಿ 200 ಗ್ರಾಂ, ಈರುಳ್ಳಿ 1, ಜಜ್ಜಿದ ಬೆಳ್ಳುಳ್ಳಿ 6 ಎಸಳು, ಒಂದು ಇಂಚು ಶುಂಠಿ, ಬೀಜ ತೆಗೆದು ತರಿಯಾಗಿ ಪುಡಿ ಮಾಡಿದ ಬ್ಯಾಡಗಿ ಮೆಣಸು 1 ಚಮಚ, ಈರುಳ್ಳಿ ಸೊಪ್ಪು ಒಂದು ಹಿಡಿ, ಉಪ್ಪು ಅರ್ಧ ಚಮಚ.

ಕೊರಿಯಾದ 'ಗೋಚುಗಾರು' ಎಂಬ ಮೆಣಸಿನ ತರಿಗೆ ಕಡು ಕೆಂಪು ಬಣ್ಣ, ಖಾರ ಹದ. ನಮ್ಮ ಬ್ಯಾಡಗಿಯೂ ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ಮೆಣಸು. ಅದಿರುವಾಗ ಬೇರೆ ಹುಡುಕಬೇಕಾಗಿಲ್ಲ. ಬಂಗುಡೆ, ಬೂತಾಯಿ ಒಳ್ಳೆಯ ಮೀನುಗಳೇ, ಆದರೆ ಅವುಗಳ ಎಣ್ಣೆ ಮತ್ತು ವಾಸನೆ ಈ ತೆಳು ಸಾರಿಗೆ ಒಗ್ಗುವುದಿಲ್ಲ.

ಮಾಡುವ ವಿಧಾನ

ಅಕ್ಕಿಯನ್ನು ತೊಳೆದ ಮೊದಲ ನೀರನ್ನು ಚೆಲ್ಲಿ, ಎರಡನೆಯ ನೀರನ್ನು ಐದು ಲೋಟ ತೆಗೆದಿಟ್ಟುಕೊಳ್ಳಿ. ನಾವು ಅಕ್ಕಚ್ಚು ಎಂದು ಚೆಲ್ಲುವ ಈ ನೀರನ್ನೇ ಕೊರಿಯಾದ ಗೃಹಿಣಿಯರು ಮೀನಿನ ಸಾರಿಗೆ ಬಳಸುತ್ತಾರೆ. ಮೀನಿನ ವಾಸನೆ ತಗ್ಗುತ್ತದೆ, ಸಾರಿಗೆ ಸ್ವಲ್ಪ ಮೈ ಬರುತ್ತದೆ.

ಅದಕ್ಕೆ ಮೀನಿನ ತಲೆ, ಮುಳ್ಳು, ಶುಂಠಿ ಹಾಕಿ ಸಣ್ಣ ಉರಿಯಲ್ಲಿ 20 ನಿಮಿಷ ಕುದಿಸಿ, ನೊರೆ ತೆಗೆದು ಸೋಸಿ. ಸೋಸುವುದನ್ನು ಮರೆಯಬೇಡಿ, ಮಕ್ಕಳ ಮತ್ತು ವೃದ್ಧರ ಗಂಟಲಿಗೆ ಮುಳ್ಳು ಅಪಾಯ. ಸೋಸಿದ ಸಾರಿನಲ್ಲಿ ತೆಳುವಾಗಿ ಹೆಚ್ಚಿದ ಮೂಲಂಗಿ ಮತ್ತು ಈರುಳ್ಳಿಯನ್ನು ಮೆತ್ತಗೆ ಬೇಯಿಸಿ. ಬೆಳ್ಳುಳ್ಳಿ, ಮೆಣಸಿನ ತರಿ, ಉಪ್ಪು ಸೇರಿಸಿ. ಈಗ ಮೀನಿನ ತುಂಡುಗಳನ್ನು ಇಳಿಸಿ ನಾಲ್ಕೈದು ನಿಮಿಷ ಬೇಯಿಸಿ, ಸೌಟು ಆಡಿಸಬೇಡಿ. ಕೊನೆಗೆ ತೋಫು ತುಂಡುಗಳನ್ನು ಹಾಕಿ ಇನ್ನೂ ಮೂರು ನಿಮಿಷ. ಮೀನಿನ ಮಾಂಸ ಬೆಳ್ಳಗಾಗಿ, ಮುಟ್ಟಿದರೆ ಪದರ ಬಿಡುವಂತಿದ್ದರೆ ಬೆಂದಿದೆ. ಈರುಳ್ಳಿ ಸೊಪ್ಪು ಉದುರಿಸಿ ಇಳಿಸಿ. ಬಿಸಿ ಅನ್ನದ ಜೊತೆ ಬಡಿಸಿ.

ಕೊಳ್ಳುವಾಗ ಚೀಟಿ ಓದಿ

ಕೊರಿಯಾದಲ್ಲಿ ಮೀನಿನ ವಾಸನೆ ಹೋಗಿಸಲು ಅಡುಗೆಗೆ ಅಕ್ಕಿಯ ಮದ್ಯ ಸೇರಿಸುವವರಿದ್ದಾರೆ. ನಮಗೆ ಅದು ಬೇಡ. ಶುಂಠಿ ಮತ್ತು ಅಕ್ಕಚ್ಚು ಆ ಕೆಲಸ ಮಾಡುತ್ತವೆ. ಅಂಗಡಿಯ 'ದ್ವೆನ್‌ಜಾಂಗ್' (ಹುದುಗಿಸಿದ ಸೋಯಾ ಗೊಜ್ಜು) ಮತ್ತು 'ಗೋಚುಜಾಂಗ್' (ಮೆಣಸಿನ ಗೊಜ್ಜು) ಡಬ್ಬಿಗಳಲ್ಲಿ ಎಷ್ಟೋ ಬಾರಿ ಕೆಡದಂತೆ ಆಲ್ಕೋಹಾಲ್ ಸೇರಿಸಿರುತ್ತಾರೆ. ಡಬ್ಬಿಯ ಮೇಲಿನ ಪದಾರ್ಥಗಳ ಪಟ್ಟಿಯನ್ನೂ ಹಲಾಲ್ ಮುದ್ರೆಯನ್ನೂ ನೋಡಿಯೇ ಕೊಳ್ಳಿ. ಸಿಗದಿದ್ದರೆ ಈ ಗೊಜ್ಜುಗಳಿಲ್ಲದೆಯೂ ಸೂಪ್ ಚೆನ್ನಾಗಿರುತ್ತದೆ. ಅಲ್ಲಿಯವರು ಮರುವಾಯಿ, ಸಿಗಡಿಯನ್ನೂ ಹಾಕುವುದುಂಟು. ಅವನ್ನು ತಿನ್ನದ ಹನಫಿ ಮನೆಗಳವರು ಬಿಟ್ಟರೆ ರುಚಿಗೆ ಕೊರತೆಯಾಗದು.

ಮೀನಿನ ಕಣ್ಣು ಹೊಳೆಯುತ್ತಿರಲಿ, ಕಿವಿರು ಕೆಂಪಗಿರಲಿ. ತೆರೆದ ತೋಫುವನ್ನು ಶುದ್ಧ ನೀರಿನಲ್ಲಿ ಮುಳುಗಿಸಿ ಫ್ರಿಜ್‌ನಲ್ಲಿಡಿ, ನೀರನ್ನು ದಿನವೂ ಬದಲಿಸಿ, ಎರಡು ಮೂರು ದಿನಗಳಲ್ಲಿ ಮುಗಿಸಿ. ಹುಳಿ ವಾಸನೆ ಬಂದರೆ ಎಸೆಯಿರಿ.

ನಾನು ಹೇಳಲು ಮರೆತದ್ದು

ಆ ದಿನ ತಾಯಿ ಒಪ್ಪಿದರು, ಹುಡುಗಿ ಸೂಪ್ ಮಾಡಿದಳು, ದಾದಿ ಹತ್ತು ದಿನಗಳ ಮೇಲೆ ಬಟ್ಟಲು ಖಾಲಿ ಮಾಡಿದರು. ವಾರದ ನಂತರ ಅವರ ರಕ್ತದೊತ್ತಡ ನೋಡಿದರೆ ಏರಿತ್ತು. ಕೇಳಿದಾಗ ತಿಳಿಯಿತು: ರುಚಿಗೆಂದು ದಾದಿಯ ಪುಟ್ಟ ಪಾತ್ರೆಗೇ ಎರಡು ದೊಡ್ಡ ಚಮಚ ದ್ವೆನ್‌ಜಾಂಗ್, ಮೇಲೆ ಉಪ್ಪು, ಪ್ರತಿದಿನ. ಅಂಥ ಒಂದು ದೊಡ್ಡ ಚಮಚದಲ್ಲಿ ಸುಮಾರು 2 ಗ್ರಾಂ ಉಪ್ಪಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಒಟ್ಟು 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಸಣ್ಣ ಚಮಚ. ಬಿ.ಪಿ. ಮಾತ್ರೆ ನುಂಗುವವರೆಂದು ಗೊತ್ತಿದ್ದೂ ನಾನು ಉಪ್ಪಿನ ಮಾತು ಎತ್ತಿರಲಿಲ್ಲ. ತಪ್ಪು ಆ ಮಗುವಿನದಲ್ಲ, ನನ್ನದು.

ನೀವು ಆ ತಪ್ಪು ಮಾಡಬೇಡಿ. ಗೊಜ್ಜು ಹಾಕುವುದಾದರೆ ಇಡೀ ಪಾತ್ರೆಗೆ ಒಂದು ಸಣ್ಣ ಚಮಚ ಸಾಕು, ಆಗ ಉಪ್ಪು ಬಿಟ್ಟುಬಿಡಿ. ಮೂತ್ರಪಿಂಡದ ತೊಂದರೆ ಅಥವಾ ಯೂರಿಕ್ ಆಮ್ಲ ಹೆಚ್ಚಿರುವವರು ತಮ್ಮ ವೈದ್ಯರನ್ನು ಕೇಳಿಯೇ ಸೇವಿಸಿ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಮಾತ್ರೆಗೂ ಸೋಯಾಕ್ಕೂ ನಾಲ್ಕು ಗಂಟೆ ಅಂತರವಿಡಿ. ಸೋಯಾ ಅಥವಾ ಮೀನಿನ ಅಲರ್ಜಿ ಇದ್ದವರಿಗೆ ಈ ಸೂಪ್ ಬೇಡವೇ ಬೇಡ.

ದಾದಿ ಈಗ ಗಟ್ಟಿಯಾಗಿದ್ದಾರೆ. ಗೊಜ್ಜಿಲ್ಲದ ಸೂಪಿಗೆ ಬಡಿಸುವ ಮುನ್ನ ನಿಂಬೆರಸ ಹಿಂಡಿದರೆ ಉಪ್ಪು ಕಡಿಮೆಯಾದದ್ದೇ ತಿಳಿಯುವುದಿಲ್ಲ ಎಂಬುದನ್ನು ಆ ಹುಡುಗಿಯೇ ಕಂಡುಕೊಂಡಳು. ಈಗ ಅದನ್ನು ನನ್ನ ಬೇರೆ ರೋಗಿಗಳಿಗೂ ಹೇಳುತ್ತಿದ್ದೇನೆ.