ಮಕ್ಕಳ ಹಾಡು, ಮನೆಮಂದಿಯ ಹಾಡು: ಜಪಾನಿನ ಶೋಕಾ ಮತ್ತು ದೋಯೋ

ಸಂಜೆ ಐದರ ಹೊತ್ತಿಗೆ ಜಪಾನಿನ ಎಷ್ಟೋ ಊರುಗಳಲ್ಲಿ ಕಂಬದ ಮೇಲಿನ ಧ್ವನಿವರ್ಧಕಗಳಿಂದ ಒಂದು ರಾಗ ತೇಲಿಬರುತ್ತದೆ. ಹಲವು ಕಡೆ ಅದು ‘ಯೂಯಾಕೆ ಕೋಯಾಕೆ’ ಹಾಡಿನ ರಾಗ. ಸಂಜೆಗೆಂಪು, ಬೆಟ್ಟದ ಗುಡಿಯ ಗಂಟೆ, ಮನೆಯ ಹಾದಿ ಹಿಡಿದ ಮಕ್ಕಳು, ಗೂಡಿಗೆ ಹೊರಟ ಕಾಗೆಗಳು ಅದರಲ್ಲಿವೆ. ಭೂಕಂಪ, ಸುನಾಮಿಯಂಥ ವಿಪತ್ತಿನ ಮುನ್ನೆಚ್ಚರಿಕೆ ಕೊಡಲು ಈ ಧ್ವನಿವರ್ಧಕಗಳನ್ನು ನೆಟ್ಟಿರುತ್ತಾರೆ. ಅವು ಸುಸ್ಥಿತಿಯಲ್ಲಿವೆಯೇ ಎಂದು ದಿನವೂ ನೋಡಿದಂತೆಯೂ ಆಯಿತು, ಆಟದಲ್ಲಿ ಮೈಮರೆತ ಮಕ್ಕಳನ್ನು ಮನೆಗೆ ಕರೆದಂತೆಯೂ ಆಯಿತು. ಈ ಪದ್ಯವನ್ನು 1919ರಲ್ಲಿ ಬರೆದವರು ನಕಾಮುರಾ ಉಕೋ ಎಂಬ ಶಾಲಾ ಮೇಷ್ಟ್ರು. 1923ರಲ್ಲಿ ಕುಸಾಕಾವಾ ಶಿನ್ ಅದಕ್ಕೆ ರಾಗ ಕೂಡಿಸಿದರು.

ಇಂಥ ಹಾಡುಗಳನ್ನು ಕೇಳಿದಾಗ ತಲೆತಲಾಂತರದಿಂದ ಬಾಯಿಂದ ಬಾಯಿಗೆ ಬಂದವೆನ್ನಿಸುತ್ತದೆ. ಹಾಗೆ ಬಂದ ಆಟದ ಹಾಡು, ಜೋಗುಳಗಳೂ ಜಪಾನಿನಲ್ಲಿ ಬೇಕಾದಷ್ಟಿವೆ. ಅವಕ್ಕೆ ‘ವರಾಬೆ ಉತಾ’ ಎನ್ನುತ್ತಾರೆ. ಆದರೆ ಇಂದು ಅಜ್ಜಿ ಮೊಮ್ಮಕ್ಕಳು ಒಟ್ಟಿಗೆ ಹಾಡುವ ಬಹುಪಾಲು ಹಾಡುಗಳು ಕಳೆದ ನೂರೈವತ್ತು ವರ್ಷಗಳೊಳಗೆ ಸರ್ಕಾರ, ಕವಿಗಳು, ರೇಡಿಯೊ, ಟಿವಿ ಸೇರಿ ಬೇಕೆಂದೇ ಕಟ್ಟಿದವು. ಕಟ್ಟಿದ ದೊಡ್ಡವರು ತಮ್ಮ ಕಾಲದ ಆಸೆ, ಅಳಲು, ಹೆದರಿಕೆ ಎಲ್ಲವನ್ನೂ ಅವುಗಳೊಳಗೆ ಇಟ್ಟರು. ಅವು ಮನೆಮಂದಿಯ ಹಾಡುಗಳಾಗಿ ಉಳಿದದ್ದು ಅದರಿಂದಲೇ.

ಮೊದಲ ಹೆಜ್ಜೆ ಸರ್ಕಾರದ್ದು. 1872ರ ಶಿಕ್ಷಣ ಕಾಯ್ದೆ ಶಾಲೆಗಳಲ್ಲಿ ಹಾಡುಗಾರಿಕೆಯನ್ನು ಪಾಠವೆಂದು ಸೇರಿಸಿತಾದರೂ ಕಲಿಸುವವರಿರಲಿಲ್ಲ, ಪುಸ್ತಕವೂ ಇರಲಿಲ್ಲ. ಇಸಾವಾ ಶೂಜಿ ಎಂಬ ಅಧಿಕಾರಿ ಅಮೆರಿಕದಲ್ಲಿ ಓದಿ ಬಂದು, ಬಾಸ್ಟನ್ನಿನ ಸಂಗೀತ ಶಿಕ್ಷಕ ಲೂಥರ್ ವೈಟಿಂಗ್ ಮೇಸನ್ ಅವರನ್ನು 1880ರಲ್ಲಿ ಟೋಕಿಯೊಗೆ ಕರೆಸಿಕೊಂಡರು. ಪಶ್ಚಿಮದ ರಾಗಗಳಿಗೆ ಜಪಾನಿ ಸಾಹಿತ್ಯ ಕೂಡಿಸಿದ ಶಾಲಾ ಹಾಡಿನ ಪುಸ್ತಕ ಹೀಗೆ ಹೊರಬಂತು. ಈ ಬಗೆಯ ಹಾಡೇ ‘ಶೋಕಾ’. ಬೀಳ್ಕೊಡುಗೆ ಸಮಾರಂಭಗಳಲ್ಲಿ ತಲೆಮಾರುಗಳು ಕಣ್ಣೀರಿಟ್ಟು ಹಾಡಿದ ‘ಹೊತಾರು ನೊ ಹಿಕಾರಿ’ಯ ರಾಗ ಸ್ಕಾಟ್ಲೆಂಡಿನದು ಎಂಬುದು ಹಾಡಿದವರಲ್ಲಿ ಎಷ್ಟೋ ಜನರಿಗೆ ತಿಳಿದಿರಲಿಲ್ಲ.

ಆ ರಾಗ ಅಷ್ಟು ಬೇಗ ಅಲ್ಲಿಯದೇ ಆಗಿಬಿಡಲು ಸ್ವರಗಳೂ ಕಾರಣ. ಅದರಲ್ಲಿ ಮಧ್ಯಮವೂ ನಿಷಾದವೂ ಇಲ್ಲ, ಇರುವುದು ಸ, ರಿ, ಗ, ಪ, ದ ಮಾತ್ರ. ಐದು ಸ್ವರಗಳ ಜಾಡು ಜಪಾನಿನ ಕಿವಿಗೆ ಮೊದಲೇ ಒಗ್ಗಿತ್ತು. ಮುಂದೆ ಜಪಾನಿ ಸಂಯೋಜಕರೇ ಕಟ್ಟಿದ ನೂರಾರು ಮಕ್ಕಳ ಹಾಡುಗಳು ಈ ಜಾಡಿನಲ್ಲೇ ನಡೆದವು. ‘ಯೂಯಾಕೆ ಕೋಯಾಕೆ’ಯೂ ಅವುಗಳಲ್ಲೊಂದು. ಕರ್ನಾಟಕ ಸಂಗೀತದ ಮೋಹನ ರಾಗದ ಸ್ವರಗಳೂ ಇವೇ ಐದು. ಗೀತೆಗಳ ಹಂತದವರೆಗೆ ಪಾಠ ಹೇಳಿಸಿಕೊಂಡ ಕನ್ನಡದ ಮಗುವೊಂದು ಈ ಹಾಡನ್ನು ಒಂದೆರಡು ಸಲ ಕೇಳಿ ಸ್ವರ ಹಾಕಿಬಿಡಬಲ್ಲದು.

1910ರ ದಶಕದಲ್ಲಿ ಸರ್ಕಾರ ಜಪಾನಿ ಕವಿಗಳಿಂದ, ಸಂಯೋಜಕರಿಂದಲೇ ಹೊಸ ಶಾಲಾ ಹಾಡುಗಳನ್ನು ಮಾಡಿಸಿತು. 1914ರ ‘ಫುರುಸಾತೊ’ ಬಿಟ್ಟುಬಂದ ಊರಿನ ಹಂಬಲದ ಹಾಡು. 1912ರ ‘ಹಾರು ನೊ ಒಗಾವಾ’ ವಸಂತದ ತೊರೆಯೊಂದರ ಹಾಡು. ಆ ತೊರೆ ಟೋಕಿಯೊದ ಯೊಯೊಗಿ ಬಯಲಿನಲ್ಲಿ ಹರಿಯುತ್ತಿತ್ತೆಂದು ಹೇಳುತ್ತಾರೆ. 1964ರ ಒಲಿಂಪಿಕ್ಸ್ ಬರುವ ಹೊತ್ತಿಗೆ ಆ ತೊರೆಯ ಮೇಲೆ ಕಾಂಕ್ರೀಟ್ ಮುಚ್ಚಿತು. ಮಕ್ಕಳು ಇಂದಿಗೂ ಅದನ್ನು ಹಾಡಿನಲ್ಲಿ ಕಾಣುತ್ತಾರೆ.

ಶೋಕಾಗಳಲ್ಲಿ ನೀತಿಪಾಠವೇ ಹೆಚ್ಚು, ಮಗುವಿನ ಮನಸ್ಸಿಲ್ಲ ಎಂದು ಕೆಲವು ಸಾಹಿತಿಗಳಿಗೆ ಬೇಸರವಿತ್ತು. ಸುಜುಕಿ ಮಿಏಕಿಚಿ 1918ರಲ್ಲಿ ‘ಅಕಾಯ್ ತೋರಿ’, ಅಂದರೆ ಕೆಂಪು ಹಕ್ಕಿ ಎಂಬ ಮಕ್ಕಳ ಪತ್ರಿಕೆ ತೆಗೆದರು. ಕಿತಾಹಾರಾ ಹಾಕುಶೂ, ಸಾಯ್ಜೋ ಯಾಸೋ ಅವರಂಥ ದೊಡ್ಡ ಕವಿಗಳೇ ಅದಕ್ಕೆ ಬರೆದರು. ‘ದೋಯೋ’ ಎಂಬ ಹೊಸ ಬಗೆ ಹುಟ್ಟಿದ್ದು ಇಲ್ಲಿ. 1919ರಲ್ಲಿ ಸ್ವರಲಿಪಿಯೊಂದಿಗೆ ಅಚ್ಚಾದ ಯಾಸೋ ಅವರ ‘ಕನಾರಿಯಾ’ ಹಾಡುವುದನ್ನೇ ಮರೆತ ಹಕ್ಕಿಯ ಕಥೆ. ಅದನ್ನು ಎಸೆದುಬಿಡೋಣವೇ, ಹೂತುಬಿಡೋಣವೇ ಎಂಬ ಪ್ರಶ್ನೆಗಳು ಬರುತ್ತವೆ, ಪ್ರತಿ ಸಲವೂ ಬೇಡವೆಂಬ ಉತ್ತರ. ಎಳೆಯರಿಗೆ ಇಷ್ಟು ಕಠೋರವಾದದ್ದನ್ನು ಹೇಳಬಹುದೆಂದು ನಂಬಿದ್ದೇ ಈ ಕವಿಗಳ ಹಿರಿಮೆ. ಮಿಕಿ ರೋಫೂ ಅವರ ‘ಅಕಾತೋಂಬೋ’ (ಕೆಂಪು ಕೊಡತಿಹುಳು) ಕೂಡ ಈ ಕಾಲದ್ದೇ. ಎಳವೆಯಲ್ಲೇ ತಾಯಿಯಿಂದ ದೂರವಾದ ರೋಫೂ, ಎತ್ತಿ ಆಡಿಸಿದ ಹುಡುಗಿಯ ಬೆನ್ನ ಮೇಲಿಂದ ಕಂಡ ಸಂಜೆಯನ್ನು ನೆನೆದು 1921ರಲ್ಲಿ ಅದನ್ನು ಬರೆದರು. ಆ ಹುಡುಗಿ ಹದಿನೈದಕ್ಕೇ ಮದುವೆಯಾಗಿ ಹೋದಳೆಂಬ ಮಾತೂ ಹಾಡಿನಲ್ಲಿದೆ. ಯಾಮಾದಾ ಕೋಸಾಕು 1927ರಲ್ಲಿ ಅದಕ್ಕೆ ರಾಗ ಕಟ್ಟಿದರು.

ಯುದ್ಧ ಹಾಡುಗಳನ್ನೂ ಬಿಡಲಿಲ್ಲ. ಸಾಯ್ತೋ ನೊಬುವೊ ಎಂಬ ಶಿಕ್ಷಕರು 1941ರ ಕೊನೆಯಲ್ಲಿ ಬರೆದ ಪದ್ಯವೊಂದರಲ್ಲಿ ಗುಡಿಸಲಿನ ತಾಯಿ ಮಗು ಒಲೆಯಲ್ಲಿ ಕಾಡುಕಾಯಿ ಬೇಯಿಸುತ್ತ ಕೂತಿದ್ದಾರೆ. ಅಪ್ಪ ರಣರಂಗದಲ್ಲಿದ್ದಾನೆ. ತಾನೂ ದೊಡ್ಡವನಾಗಿ ಸೈನಿಕನಾಗುತ್ತೇನೆ ಎಂಬಲ್ಲಿಗೆ ಪದ್ಯ ಮುಗಿಯುತ್ತಿತ್ತು. ಸೋಲಿನ ನಂತರ, ಹೊರನಾಡುಗಳಿಂದ ಹಡಗುಗಳಲ್ಲಿ ಮರಳುತ್ತಿದ್ದವರಿಗಾಗಿ ರೇಡಿಯೊ ಕಾರ್ಯಕ್ರಮವೊಂದು ಸಿದ್ಧವಾದಾಗ, ಸಾಯ್ತೋ ಆ ಕೊನೆಯನ್ನು ಕಿತ್ತುಹಾಕಿ ತೆಂಕಣ ದ್ವೀಪಗಳಿಂದ ಬರುವ ಅಪ್ಪನಿಗಾಗಿ ಕಾಯುವ ಸಾಲುಗಳನ್ನು ಬರೆದುಕೊಟ್ಟರು. 1945ರ ಡಿಸೆಂಬರ್ 24ರಂದು ಬಾಲಕಿ ಕವಾದಾ ಮಸಾಕೊ ಅದನ್ನು ಹಾಡಿದಳು. ಅದೇ ‘ಸಾತೊ ನೊ ಆಕಿ’. ಮೊದಲೆರಡು ಚರಣಗಳ ಒಲೆ, ಕಾಯಿ, ತಾಯಿ ಹಾಗೆಯೇ ಉಳಿದವು.

ಮುಂದಿನ ಹಾಡಿನ ಹಿನ್ನೆಲೆಯಲ್ಲಿ ಕನ್ನಡವೂ ಬರುತ್ತದೆ. ಬಾಂಬು ಬಿದ್ದರೆ ಪ್ರಾಣಿಗಳು ತಪ್ಪಿಸಿಕೊಂಡಾವೆಂಬ ಭಯಕ್ಕೆ 1943ರಲ್ಲಿ ಟೋಕಿಯೊದ ಉಎನೊ ಮೃಗಾಲಯದ ಮೂರು ಆನೆಗಳನ್ನು ಉಪವಾಸ ಕೆಡವಿ ಕೊಂದಿದ್ದರು. ಯುದ್ಧ ಮುಗಿದ ಮೇಲೆ ಆನೆ ನೋಡಬೇಕೆಂದು ಟೋಕಿಯೊದ ಮಕ್ಕಳು ನೆಹರೂ ಅವರಿಗೆ ಪತ್ರ ಬರೆದರು. 1949ರ ಸೆಪ್ಟೆಂಬರಿನಲ್ಲಿ ‘ಇಂದಿರಾ’ ಬಂದಳು. ಮೈಸೂರು ಸೀಮೆಯ ಆನೆ. ಅವಳಿಗೆ ಅರ್ಥವಾಗುತ್ತಿದ್ದದ್ದು ಕನ್ನಡ. ಜೊತೆಗೆ ಹೋಗಿದ್ದ ಮಾವುತರಿಂದ ಉಎನೊದ ಪಾಲಕರು ಆ ಮಾತುಗಳನ್ನು ಕಲಿತುಕೊಳ್ಳಬೇಕಾಯಿತು. ಮಕ್ಕಳು ಮತ್ತೆ ಆನೆ ಕಾಣತೊಡಗಿದ್ದ ಆ ವರ್ಷಗಳಲ್ಲೇ, ಕವಿ ಮಾದೊ ಮಿಚಿಯೊ ಅವರ ‘ಜೋಸಾನ್’ ಹಾಡು ದಾನ್ ಇಕುಮಾ ಅವರ ರಾಗದಲ್ಲಿ ಮನೆಮನೆ ತಲುಪಿತು. ಮೂಗು ಉದ್ದವೆಂದು ಯಾರೋ ಹೇಳಿದಾಗ ಮರಿಯಾನೆ ತನ್ನ ತಾಯಿಯದೂ ಹಾಗೇ ಎಂದು ಉತ್ತರಿಸುತ್ತದೆ. ಕೇಳಲು ಮುದ್ದಾದ ಸಂವಾದ. ಅದು ಹೀಯಾಳಿಕೆಯೇ, ಆದರೂ ಆನೆಯಾಗಿ ಹುಟ್ಟಿದ್ದಕ್ಕೆ ಹಿಗ್ಗುವ ಮರಿ ಕುಗ್ಗುವುದಿಲ್ಲ ಎಂದು ಮಾದೊ ವಿವರಿಸಿದ್ದರು. ಅವರಿಗೆ 1994ರಲ್ಲಿ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ಬಂತು.

ಆಮೇಲೆ ಟಿವಿಯ ಕಾಲ. ಎನ್‌ಎಚ್‌ಕೆ ವಾಹಿನಿ 1959ರಲ್ಲಿ ಎಳೆಯರಿಗಾಗಿ ‘ಒಕಾಆಸಾನ್ ತೊ ಇಶ್ಶೊ’ (ಅಮ್ಮನ ಜೊತೆ), 1961ರಲ್ಲಿ ಐದೇ ನಿಮಿಷದ ‘ಮಿನ್ನಾ ನೊ ಉತಾ’ (ಎಲ್ಲರ ಹಾಡು) ಶುರುಮಾಡಿತು. ಎರಡೂ ಇಂದಿಗೂ ಬರುತ್ತಿವೆ. ಜಪಾನಿನಲ್ಲಿ ಅತಿ ಹೆಚ್ಚು ಮಾರಾಟವಾದ ಸಿಂಗಲ್ ಧ್ವನಿಮುದ್ರಿಕೆಯೂ ಟಿವಿಯ ಮಕ್ಕಳ ಹಾಡೇ: 1975ರ ಕೊನೆಯಲ್ಲಿ ಬಂದ ‘ಒಯೊಗೆ! ತಾಯಾಕಿಕುನ್’, 45 ಲಕ್ಷಕ್ಕೂ ಹೆಚ್ಚು ಪ್ರತಿ. ತಾಯಾಕಿ ಎಂದರೆ ಹೂರಣ ತುಂಬಿ, ಮೀನಿನಾಕಾರದ ಕಬ್ಬಿಣದ ಅಚ್ಚಿನಲ್ಲಿ ಬೇಯಿಸುವ ತಿಂಡಿ. ದಿನಾ ಬೇಯುವುದು ಸಾಕಾಗಿ ಒಂದು ತಾಯಾಕಿ ಅಂಗಡಿಯವನ ಜೊತೆ ಜಗಳವಾಡಿ ಸಮುದ್ರಕ್ಕೆ ಹಾರುತ್ತದೆ, ಈಜಾಡಿ ನಲಿಯುತ್ತದೆ. ಕೊನೆಗೆ ಗಾಳಕ್ಕೆ ಸಿಕ್ಕಿ ಯಾರದೋ ಹೊಟ್ಟೆ ಸೇರುತ್ತದೆ. ಕಚೇರಿಯಲ್ಲಿ ದಿನಾ ಬೇಯುತ್ತಿದ್ದ ಅಪ್ಪಂದಿರು ಅದರಲ್ಲಿ ತಮ್ಮನ್ನೇ ಕಂಡುಕೊಂಡರು.

2011ರ ಮಾರ್ಚ್ ಭೂಕಂಪದ ನಂತರ ರೇಡಿಯೊ ನಿಲಯಗಳಿಗೆ ಕೇಳುಗರ ಕೋರಿಕೆ ಹರಿದುಬಂದದ್ದು ‘ಅನ್‌ಪಾನ್‌ಮಾನ್’ ಕಾರ್ಟೂನಿನ ಶೀರ್ಷಿಕೆ ಗೀತೆಗೆ. ಹಸಿದವರಿಗೆ ತನ್ನ ಮುಖವನ್ನೇ ಮುರಿದು ತಿನ್ನಿಸುವ ಬನ್ನಿನ ನಾಯಕನನ್ನು ಸೃಷ್ಟಿಸಿದ ಯಾನಾಸೆ ತಾಕಾಶಿ ಅವರೇ ಈ ಹಾಡನ್ನೂ ಬರೆದವರು. ಅವರು ಯುದ್ಧದಲ್ಲಿ ಹಸಿವೆ ಕಂಡಿದ್ದರು, ತಮ್ಮನನ್ನು ಕಳೆದುಕೊಂಡಿದ್ದರು. ಯಾಕೆ ಹುಟ್ಟಿದೆ, ಏನು ಮಾಡಿ ಬಾಳಬೇಕು ಎಂಬ ಪ್ರಶ್ನೆಯನ್ನು ಅವರು ಮೂರು ವರ್ಷದ ಮಕ್ಕಳು ನೋಡುವ ಕಾರ್ಯಕ್ರಮದ ಹಾಡಿನಲ್ಲಿ ಇಟ್ಟಿದ್ದರು. ಮನೆ ಕಳೆದುಕೊಂಡ ದೊಡ್ಡವರು ಆ ವಸಂತದಲ್ಲಿ ಮಕ್ಕಳ ಜೊತೆ ಕೂತು ಅದನ್ನೇ ಕೇಳಿದರು.