ಪುಸ್ತಕ ಮುಚ್ಚಿದ ಮೇಲೆ ಉಳಿಯುವುದೇನು?



ಪ್ರತಿ ವರ್ಷ ಜುಲೈ 31ರಂದು ಧರ್ಮಸಭೆಯು ಲೊಯೋಲದ ಸಂತ ಇಗ್ನೇಷಿಯಸರ ಹಬ್ಬವನ್ನು ಆಚರಿಸುತ್ತದೆ. ಇಗ್ನೇಷಿಯಸ್ ಎಂಬ ಹೆಸರೇ ನಮ್ಮ ನಾಲಿಗೆಯಲ್ಲಿ ಇನ್ನಾಸಪ್ಪ ಎಂದಾಗಿದೆ. ಹಬ್ಬದ ಪ್ರಬೋಧನೆಗಳಲ್ಲಿ ಅವರು ಯೇಸುಸಭೆಯನ್ನು ಸ್ಥಾಪಿಸಿದ್ದನ್ನೂ ಅವರ ಆಧ್ಯಾತ್ಮಿಕ ಸಾಧನೆಯನ್ನೂ ಕೇಳುತ್ತೇವೆ. ಈ ಸಲ ನಾನು ಅವರ ಅತ್ತಿಗೆಯಿಂದ ಆರಂಭಿಸುತ್ತೇನೆ.

1521ರ ಮೇ ತಿಂಗಳಲ್ಲಿ ಸ್ಪೇನಿನ ಪಾಂಪ್ಲೋನ ಕೋಟೆಯನ್ನು ಕಾಯುತ್ತಿದ್ದಾಗ ಫ್ರೆಂಚರ ಫಿರಂಗಿ ಗುಂಡು ತಗುಲಿ ಇಗ್ನೇಷಿಯಸರ ಕಾಲು ಮುರಿಯಿತು. ಆಗ ಅವರಿಗೆ ಸುಮಾರು ಮೂವತ್ತು ವರ್ಷ. ಲೊಯೋಲದ ಮನೆಯಲ್ಲಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ಹೊತ್ತು ಹೋಗಲೆಂದು ವೀರಯೋಧರ ಸಾಹಸ, ಪ್ರಣಯಗಳ ಕಥೆಪುಸ್ತಕ ಕೊಡಿ ಎಂದು ಕೇಳಿದರು. ಆ ಮನೆಯಲ್ಲಿ ಅಂಥ ಪುಸ್ತಕ ಒಂದೂ ಇರಲಿಲ್ಲ. ಇದ್ದದ್ದು ಎರಡೇ: ಕ್ರಿಸ್ತರ ಜೀವನವನ್ನು ಕುರಿತದ್ದೊಂದು, ಸಂತರ ಚರಿತ್ರೆಗಳದ್ದೊಂದು. ಇವು ಅವರ ಅಣ್ಣನ ಹೆಂಡತಿ ಮಗ್ದಲೇನಾ ಅವರ ಪುಸ್ತಕಗಳೆಂದು ಪರಂಪರೆ ಹೇಳುತ್ತದೆ. ಬೇರೆ ದಾರಿಯಿಲ್ಲದೆ ಅವನ್ನೇ ಓದಿದರು.

ಮುಂದೆ ನಡೆದದ್ದನ್ನು ಅವರೇ ವೃದ್ಧಾಪ್ಯದಲ್ಲಿ ಹೇಳಿ ಬರೆಸಿದ್ದಾರೆ. ಮಲಗಿದಲ್ಲೇ ಅವರು ಒಮ್ಮೆ ಒಬ್ಬ ಹಿರಿಮನೆತನದ ಮಹಿಳೆಯ ಸೇವೆಯಲ್ಲಿ ತಾನು ಮಾಡಬಹುದಾದ ಸಾಹಸಗಳ ಕನಸು ಕಾಣುತ್ತಿದ್ದರು. ಇನ್ನೊಮ್ಮೆ ಸಂತ ಫ್ರಾನ್ಸಿಸರಂತೆ, ಸಂತ ದೊಮಿನಿಕರಂತೆ ತಾನೂ ಬದುಕಿದರೆ ಹೇಗೆ ಎಂದು ಯೋಚಿಸುತ್ತಿದ್ದರು. ಆ ಹೊತ್ತಿಗೆ ಎರಡೂ ಸಂತೋಷ ಕೊಡುತ್ತಿದ್ದವು. ಆದರೆ ಮೊದಲನೆಯ ಕನಸು ಕರಗಿದ ಮೇಲೆ ಮನಸ್ಸು ಒಣಗಿದಂತಾಗುತ್ತಿತ್ತು. ಎರಡನೆಯದರ ಸಂತೋಷ ಮಾತ್ರ ಉಳಿಯುತ್ತಿತ್ತು. ಈ ವ್ಯತ್ಯಾಸವನ್ನು ಗಮನಿಸಿದ್ದೇ ಅವರ ಮನಪರಿವರ್ತನೆಯ ಆರಂಭ.

ಪುಸ್ತಕಗಳನ್ನು ಆರಿಸಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಗೊತ್ತಿಲ್ಲ. ಮನೆ ಆಶೀರ್ವಾದಕ್ಕೆ ಹೋದಲ್ಲಿ, ಧರ್ಮೋಪದೇಶ ತರಗತಿ ಮುಗಿದ ಮೇಲೆ, ತಂದೆತಾಯಂದಿರು ಕೇಳುವ ಪ್ರಶ್ನೆ ಒಂದೇ: "ಫಾದರ್, ಪಿಯುಸಿ ಓದುವ ಮಕ್ಕಳಿಗೆ ಯಾವ ಪುಸ್ತಕ ಕೊಡಬಹುದು?" ಆ ಪ್ರಶ್ನೆಯ ಹಿಂದೆ ಒಂದು ಭಯವೂ ಇರುತ್ತದೆ. ಕಥೆ ಕಾದಂಬರಿ ಓದಿದರೆ ಮಕ್ಕಳ ವಿಶ್ವಾಸ ಕೆಡುತ್ತದೆಯೇ? ಆದ್ದರಿಂದ ಸಂತರ ಚರಿತ್ರೆ ಕೊಟ್ಟು ಸುಮ್ಮನಾಗುತ್ತೇವೆ. ಮಕ್ಕಳು ಅದನ್ನು ಕಪಾಟಿನಲ್ಲಿಟ್ಟು ಮೊಬೈಲ್ ಹಿಡಿಯುತ್ತಾರೆ.

ಈ ಭಯ ಹೊಸದಲ್ಲ. ಆವಿಲದ ಸಂತ ತೆರೇಸರ ತಾಯಿಗೆ ಇದೇ ವೀರಯೋಧರ ಕಥೆಗಳೆಂದರೆ ಬಲು ಇಷ್ಟ; ತಂದೆಗೆ ಅವು ಕಣ್ಣಿಗೆ ಬೀಳಬಾರದು. ತಾಯಿ ಮಕ್ಕಳು ಸೇರಿ ತಂದೆಗೆ ತಿಳಿಯದಂತೆ ಓದುತ್ತಿದ್ದರು. ಆ ಓದಿನಿಂದ ತನಗೆ ಕೆಡುಕಾಯಿತೆಂದು ತೆರೇಸರು ಮುಂದೆ ಬರೆದಿದ್ದಾರೆ. ಅದನ್ನು ಮರೆಮಾಚುವುದು ಸರಿಯಲ್ಲ. ಆದರೆ ಅದೇ ತೆರೇಸರು, 1559ರಲ್ಲಿ ಸ್ಪೇನಿನ ಧಾರ್ಮಿಕ ನ್ಯಾಯಾಲಯವು ದೇಶಭಾಷೆಯ ಅನೇಕ ಭಕ್ತಿಗ್ರಂಥಗಳನ್ನು ನಿಷೇಧಿಸಿದಾಗ, ಅವುಗಳಲ್ಲಿ ಕೆಲವು ತನಗೆ ಬಹಳ ಪ್ರಿಯವಾಗಿದ್ದವೆಂದು ನೊಂದುಕೊಂಡರು. ಅವರು ಬರೆದ ಆತ್ಮಚರಿತ್ರೆಯನ್ನು ಸುಮಾರು ಮುನ್ನೂರೈವತ್ತು ವರ್ಷಗಳ ನಂತರ, 1921ರ ಬೇಸಿಗೆಯಲ್ಲಿ, ಜರ್ಮನಿಯ ತತ್ವಶಾಸ್ತ್ರಜ್ಞೆ ಎಡಿತ್ ಸ್ಟೈನ್ ಸ್ನೇಹಿತರ ಮನೆಯಲ್ಲಿ ಓದಿದರು. ಯೆಹೂದ್ಯ ಕುಟುಂಬದಲ್ಲಿ ಹುಟ್ಟಿ, ಪ್ರಾರ್ಥನೆಯನ್ನೇ ಬಿಟ್ಟಿದ್ದ ಆಕೆ 1922ರ ಜನವರಿ 1ರಂದು ದೀಕ್ಷಾಸ್ನಾನ ಪಡೆದರು. 1942ರಲ್ಲಿ ಆಶ್ವಿಟ್ಜ್ ಶಿಬಿರದಲ್ಲಿ ಹತ್ಯೆಯಾದ ಅವರು ಇಂದು ನಮಗೆ ಸಂತರು.

ಧರ್ಮಸಭೆಯೂ ಬಹುಕಾಲ ನಿಷೇಧದ ದಾರಿಯನ್ನೇ ಹಿಡಿದಿತ್ತು. ರೋಮಿನ ನಿಷಿದ್ಧ ಗ್ರಂಥಗಳ ಪಟ್ಟಿ 1559ರಲ್ಲಿ ಹೊರಟು, ಹಲವು ಸಲ ಪರಿಷ್ಕೃತವಾಗಿ, 1966ರಲ್ಲಿ ಕೊನೆಗೊಂಡಿತು. ಆ ಪಟ್ಟಿಯಲ್ಲಿ ವಿಕ್ಟರ್ ಹ್ಯೂಗೋ ಬರೆದ 'ಲೇ ಮಿಸರಾಬ್ಲ್' ಕಾದಂಬರಿಯೂ ಇತ್ತು ಎಂದರೆ ಇಂದಿನವರಿಗೆ ನಂಬುವುದು ಕಷ್ಟ. ಜೈಲಿನಿಂದ ಹೊರಬಂದ ಕಳ್ಳನೊಬ್ಬ ಧರ್ಮಾಧ್ಯಕ್ಷರ ಮನೆಯ ಬೆಳ್ಳಿಯನ್ನು ಕದ್ದು ಸಿಕ್ಕಿಬೀಳುತ್ತಾನೆ. ಧರ್ಮಾಧ್ಯಕ್ಷರು ಪೋಲೀಸರ ಎದುರಲ್ಲೇ 'ಇದನ್ನು ನಾನೇ ಕೊಟ್ಟದ್ದು' ಎಂಬಂತೆ ಮಾತನಾಡಿ, ಬೆಳ್ಳಿಯ ದೀಪದ ಕಂಬಗಳನ್ನೂ ಅವನ ಕೈಗಿಡುತ್ತಾರೆ. ಕ್ಷಮೆಯನ್ನು ಕುರಿತು ನಾನು ಎಷ್ಟು ಪ್ರಬೋಧನೆ ಮಾಡಿದರೂ ಆ ಒಂದು ಅಧ್ಯಾಯದಷ್ಟು ಹೇಳಲಾರೆ. ಹದಿನೇಳು ಹದಿನೆಂಟರ ಮಕ್ಕಳಿಗೆ ಪೂರ್ತಿ ಪುಸ್ತಕ ಭಾರವಾದರೆ ಸಂಗ್ರಹವನ್ನಾದರೂ ಕೊಡಿ.

ಕೃತಿಗಳನ್ನು ಆರಿಸುವ ವಿವೇಕ ಇನ್ನೂ ಹಳೆಯದು. ಅಥೆನ್ಸಿನಲ್ಲಿ ಸಂತ ಪೌಲರು ಗ್ರೀಕರ ಕವಿಗಳ ಮಾತನ್ನೇ ತೆಗೆದುಕೊಂಡು ದೇವರನ್ನು ಸಾರಿದರು (ಪ್ರೇಷಿತರ ಕಾರ್ಯಕಲಾಪಗಳು 17:28). ನಾಲ್ಕನೆಯ ಶತಮಾನದ ಸಂತ ಬೆಸಿಲರು ಯುವಕರಿಗಾಗಿ ಬರೆದ ಒಂದು ಉಪದೇಶದಲ್ಲಿ ಜೇನುಹುಳವನ್ನು ಉದಾಹರಣೆ ಕೊಟ್ಟರು: ಅದು ಎಲ್ಲ ಹೂಗಳ ಮೇಲೂ ಕೂರುವುದಿಲ್ಲ, ಕೂತ ಹೂವನ್ನು ಇಡಿಯಾಗಿ ಹೊತ್ತುಕೊಂಡೂ ಹೋಗುವುದಿಲ್ಲ.

ನಮ್ಮ ಕಾಲದಲ್ಲಿ ಈ ಮಾತನ್ನು ಮತ್ತೆ ಹೇಳಿದವರು ದಿವಂಗತ ಪೋಪ್ ಫ್ರಾನ್ಸಿಸರು. 2024ರ ಜುಲೈ 17ರ ದಿನಾಂಕವಿರುವ ಪತ್ರದಲ್ಲಿ ಅವರು ಸಾಹಿತ್ಯದ ಓದನ್ನು ಗುರುವಿದ್ಯಾರ್ಥಿಗಳಿಗೆ ಮಾತ್ರವಲ್ಲ, ಎಲ್ಲ ವಿಶ್ವಾಸಿಗಳಿಗೂ ಶಿಫಾರಸು ಮಾಡಿದರು. ಅದರಲ್ಲಿ ತಮ್ಮ ಒಂದು ಅನುಭವವನ್ನೂ ಹೇಳಿಕೊಂಡಿದ್ದಾರೆ. 1964-65ರಲ್ಲಿ ಅರ್ಜೆಂಟೀನಾದ ಸಾಂತಾ ಫೆ ಎಂಬಲ್ಲಿ ಯೇಸುಸಭೆಯ ಶಾಲೆಯೊಂದರಲ್ಲಿ ಅವರು ಸಾಹಿತ್ಯದ ಮೇಷ್ಟರಾಗಿದ್ದರು. ಪಠ್ಯದಲ್ಲಿ ಇದ್ದದ್ದು ಹಳೆಯ ವೀರಕಾವ್ಯ 'ಎಲ್ ಸಿದ್'. ಹುಡುಗರಿಗೆ ಬೇಕಾಗಿದ್ದದ್ದು ಹೊಸ ಕವಿ ಗಾರ್ಸಿಯಾ ಲೋರ್ಕ. ಮೇಷ್ಟರು ಒಂದು ಉಪಾಯ ಮಾಡಿದರು: ವೀರಕಾವ್ಯವನ್ನು ಮನೆಯಲ್ಲಿ ಓದಿಕೊಳ್ಳಿ, ತರಗತಿಯಲ್ಲಿ ನಿಮಗೆ ಇಷ್ಟವಾದವರನ್ನು ಓದೋಣ. ಹೀಗೆ ಓದಿನ ರುಚಿ ಹತ್ತಿದ ಮೇಲೆ ಹುಡುಗರು ಬೇರೆಯವರನ್ನೂ ಓದಿದರಂತೆ. ಮಕ್ಕಳಿರುವ ಪ್ರತಿ ಮನೆಯೂ ಇದನ್ನು ಪ್ರಯೋಗಿಸಿ ನೋಡಬಹುದು.

ಇನ್ನು ಕೆಲವು ಪುಸ್ತಕಗಳ ಹೆಸರು ಹೇಳುತ್ತೇನೆ. ಇದು ಪೂರ್ಣ ಪಟ್ಟಿಯಲ್ಲ, ನನ್ನ ಅಭಿರುಚಿಯ ಪಟ್ಟಿ.

ಓದಿನ ಅಭ್ಯಾಸವೇ ಇಲ್ಲದ ಹದಿನಾರರ ಹುಡುಗನಿಗೆ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ಕೊಡಿ. ಮೂಡಿಗೆರೆಯ ಸುತ್ತಮುತ್ತ ನಡೆಯುವ ಕಥೆ. ಹೆಸರು ನೋಡಿದರೆ ನಮ್ಮದೇ ಧರ್ಮಕೇಂದ್ರದವರೊಬ್ಬರಂತೆ ಕೇಳಿಸುವ ವಿಜ್ಞಾನಿ ಕರ್ವಾಲೊ ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೊರಡುತ್ತಾರೆ. ನಗು ಉಕ್ಕಿಸುತ್ತದೆ, ಗಾತ್ರ ಚಿಕ್ಕದು, ಉಪದೇಶ ಒಂದು ಸಾಲೂ ಇಲ್ಲ. ಊರಿನವರು ಕೆಲಸಕ್ಕೆ ಬಾರದವನೆಂದು ತಿಳಿದ ಮಂದಣ್ಣನಲ್ಲಿ ಕರ್ವಾಲೊ ಒಬ್ಬ ಹುಟ್ಟು ಜೀವಶಾಸ್ತ್ರಜ್ಞನನ್ನು ಕಾಣುತ್ತಾರೆ. ಅಂಕಪಟ್ಟಿ ಹಿಡಿದು ಮಕ್ಕಳನ್ನು ಅಳೆಯುವ ತಂದೆತಾಯಂದಿರು ಮಗನಿಗಿಂತ ಮೊದಲು ತಾವೇ ಇದನ್ನು ಓದುವುದು ಒಳ್ಳೆಯದು.

ಎರಡನೆಯದು ಶಿವರಾಮ ಕಾರಂತರ 'ಚೋಮನ ದುಡಿ' (1933). ಇದನ್ನು ಕೊಡಲು ಕೆಲವರು ಹಿಂಜರಿಯುತ್ತಾರೆ. ಕಾರಣ ಗೊತ್ತು: ಅದರಲ್ಲಿ ನಾವೂ ಇದ್ದೇವೆ, ಚೆನ್ನಾಗಿ ಕಾಣುವುದಿಲ್ಲ. ಅಸ್ಪೃಶ್ಯ ಜೀತದಾಳು ಚೋಮನಿಗೆ ಒಂದೇ ಆಸೆ: ತಾನೂ ಒಂದು ತುಂಡು ಭೂಮಿ ಬೇಸಾಯ ಮಾಡಬೇಕು. ಎತ್ತುಗಳಿವೆ, ಭೂಮಿಯಿಲ್ಲ, ಅವನ ಜಾತಿಯವನಿಗೆ ಗೇಣಿಗೆ ಕೊಡುವವರೂ ಇಲ್ಲ. ಪಾದ್ರಿಗಳನ್ನು ಸೇರಿದರೆ ಭೂಮಿ ಸಿಗುತ್ತದೆಂಬ ಆಸೆ ಮುಂದಿದೆ. ಒಮ್ಮೆ ಹೊರಟೂ ಬಿಡುತ್ತಾನೆ, ಆದರೆ ತನ್ನ ದೈವವನ್ನು ಬಿಡಲಾರದೆ ಅರ್ಧದಾರಿಯಿಂದ ಹಿಂದಿರುಗುತ್ತಾನೆ. ಕಾಫಿ ತೋಟದಲ್ಲಿ ಅವನ ಮಗಳು ಬೆಳ್ಳಿಯ ಬಡತನವನ್ನು ಬಳಸಿಕೊಳ್ಳುವವರಲ್ಲಿ ಒಬ್ಬನ ಹೆಸರು ಮನ್ವೇಲ. ನಮ್ಮ ದೀಕ್ಷಾಸ್ನಾನದ ದಫ್ತರಗಳಲ್ಲಿ ಎಷ್ಟು ಮನ್ವೇಲರಿಲ್ಲ! ಇನ್ನೊಂದೆಡೆ, ನೀರಿನಲ್ಲಿ ಮುಳುಗುತ್ತಿರುವ ಚೋಮನ ಮಗನನ್ನು ಮುಟ್ಟಿದರೆ ಮೈಲಿಗೆಯೆಂದು ದಡದಲ್ಲಿದ್ದವರು ನೋಡುತ್ತ ನಿಲ್ಲುತ್ತಾರೆ.

ಇದನ್ನು ಓದಿದ ಹುಡುಗಿಯೊಬ್ಬಳು "ಭೂಮಿಗಾಗಿ ಧರ್ಮ ಬದಲಿಸುವುದು ಸರಿಯೇ, ಫಾದರ್? ಭೂಮಿ ಕೊಡುವೆನೆಂದು ಕರೆಯುವುದು ಸರಿಯೇ?" ಎಂದು ಕೇಳಿದರೆ ನಮ್ಮ ಬಳಿ ಉತ್ತರವಿರಬೇಕು. ಉತ್ತರವಿಲ್ಲವೆಂದು ಪುಸ್ತಕವನ್ನು ಬಚ್ಚಿಡುವುದು ದಾರಿಯಲ್ಲ. ಇವತ್ತಲ್ಲ ನಾಳೆ ಕಾಲೇಜಿನಲ್ಲಿ, ಹಾಸ್ಟೆಲಿನಲ್ಲಿ ಆಕೆ ಆ ಪ್ರಶ್ನೆಯನ್ನು ಎದುರಿಸುತ್ತಾಳೆ, ಆಗ ಒಬ್ಬಳೇ ಇರುತ್ತಾಳೆ. ಮೊದಲ ಸಲ ಅದು ನಮ್ಮ ಊಟದ ಮನೆಯಲ್ಲೇ ಕೇಳಿಬರಲಿ. ಧರ್ಮಸಭೆಯೊಳಗೇ ಜಾತಿಯ ಮೈಲಿಗೆ ಉಳಿದಿದೆಯೆಂದು ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೇ 2016ರ ತನ್ನ ದಲಿತ ಸಬಲೀಕರಣ ನೀತಿಯಲ್ಲಿ ಒಪ್ಪಿಕೊಂಡಿದೆ. ಮನೆಯಲ್ಲಿ ನಾವು ಒಪ್ಪಿಕೊಳ್ಳಲು ಏನು ಅಡ್ಡಿ? ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯಲ್ಲೂ ಒಬ್ಬ ಪಾದ್ರಿ ಬರುತ್ತಾರೆ, ಬೈಸಿಕಲ್ ಸಮೇತ! ದೊಡ್ಡ ಪುಸ್ತಕ, ಅವಸರವಿಲ್ಲದ ವಯಸ್ಕರಿಗೆ. ಬೇರೆಯವರ ಕಣ್ಣಿಗೆ ನಾವು ಹೇಗೆ ಕಾಣುತ್ತೇವೆ ಎಂಬುದನ್ನು ನಗುತ್ತಲೇ ತಿಳಿಯಬಹುದು.

ನಮ್ಮವರೇ ಆದ ನಾ. ಡಿಸೋಜರನ್ನು ಬಿಡುವ ಹಾಗಿಲ್ಲ. ಸಾಗರದ ಈ ಲೇಖಕರು 2025ರ ಜನವರಿಯಲ್ಲಿ ನಮ್ಮನ್ನು ಅಗಲಿದರು. ಶರಾವತಿಯ ಅಣೆಕಟ್ಟಿನಿಂದ ಮುಳುಗಿದ ಊರುಗಳ ನೋವು ಅವರ 'ಮುಳುಗಡೆ', 'ದ್ವೀಪ' ಕಾದಂಬರಿಗಳಲ್ಲಿದೆ. 'ದ್ವೀಪ' ಗಿರೀಶ್ ಕಾಸರವಳ್ಳಿಯವರ ನಿರ್ದೇಶನದಲ್ಲಿ ಚಲನಚಿತ್ರವಾಗಿ ರಾಷ್ಟ್ರಪ್ರಶಸ್ತಿ ಪಡೆಯಿತು. ಗಮನಿಸಿ: ಅದರ ನಾಯಕ ಗಣಪಯ್ಯ ಒಬ್ಬ ಬ್ರಾಹ್ಮಣ. ಒಬ್ಬ ಕಥೋಲಿಕ ಲೇಖಕ ನೆರೆಯವನ ಮನೆಯೊಳಗೆ ಹೊಕ್ಕು ಅವನ ಸಂಕಟವನ್ನು ತನ್ನದೆಂಬಂತೆ ಬರೆದಿದ್ದಾರೆ. ನೆರೆಯವನನ್ನು ಪ್ರೀತಿಸು ಎಂಬ ಆಜ್ಞೆಗೆ ಹೀಗೂ ಒಂದು ಅರ್ಥವಿದೆ. ಅದೇ ರೀತಿ, ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲ. ಆದರೆ ಯೇಸುಸ್ವಾಮಿಯ ಕಡೆಯ ದಿನವನ್ನು ಕುರಿತು 'ಗೊಲ್ಗೊಥಾ' ಎಂಬ ಖಂಡಕಾವ್ಯ ಬರೆದರು. ಭಾಷೆ ಕಠಿಣ. ತಪಸ್ಸುಕಾಲದಲ್ಲಿ ಒಬ್ಬರು ಗಟ್ಟಿಯಾಗಿ ಓದಿ ಉಳಿದವರು ಕೇಳಿದರೆ ಸುಲಭವಾದೀತು.

ಮದುವೆಯಾದವರಿಗೆ ತ್ರಿವೇಣಿಯವರ 'ಶರಪಂಜರ'. ಹೆರಿಗೆಯ ನಂತರ ಮನೋರೋಗಕ್ಕೆ ಒಳಗಾಗಿ ಗುಣಮುಖಳಾದ ಹೆಂಗಸನ್ನು ಗಂಡನೂ ನೆರೆಹೊರೆಯೂ ಮತ್ತೆ ಹೇಗೆ ಹಳ್ಳಕ್ಕೆ ನೂಕುತ್ತಾರೆ ಎಂಬ ಕಥೆ. ವಿವಾಹ ಸಿದ್ಧತಾ ಶಿಬಿರದಲ್ಲಿ ಗುರುಗಳೂ ವೈದ್ಯರೂ ಹೇಳುವ ಮಾತು ಇದರ ಮುಂದೆ ಸಪ್ಪೆ.

ಇಂಗ್ಲಿಷ್ ಓದಬಲ್ಲವರಿಗೆ ಎರಡು. ಜಪಾನಿನ ಕಥೋಲಿಕ ಲೇಖಕ ಶುಸಾಕು ಎಂಡೊ ಅವರ 'ಸೈಲೆನ್ಸ್' (1966) ಹದಿನೇಳನೆಯ ಶತಮಾನದ ಹಿಂಸೆಯಲ್ಲಿ ಸಿಲುಕಿದ ಗುರುಗಳ ಕಥೆ. ಗ್ರಹಾಂ ಗ್ರೀನರ 'ದ ಪವರ್ ಅಂಡ್ ದ ಗ್ಲೋರಿ' (1940) ಮೆಕ್ಸಿಕೋದಲ್ಲಿ ಧರ್ಮಸಭೆಗೆ ಕಿರುಕುಳವಿದ್ದಾಗ ಓಡಾಡಿಕೊಂಡೇ ಬಲಿಪೂಜೆ ಅರ್ಪಿಸುವ ಒಬ್ಬ ಕುಡುಕ ಗುರುವಿನ ಕಥೆ. ಈ ಎರಡನ್ನು ಹದಿನೆಂಟು ದಾಟಿದ ಮೇಲೆ ಕೊಡಿ. ಗುರುಗಳ ಬಲಹೀನತೆಯನ್ನು ಕಂಡು ವಿಶ್ವಾಸ ಕಳೆದುಕೊಂಡವರನ್ನು ನಾನು ಬಲ್ಲೆ. ಆ ಬಲಹೀನತೆಯ ನಡುವೆಯೂ ಪರಮಪ್ರಸಾದ ಪರಮಪ್ರಸಾದವಾಗಿಯೇ ಉಳಿಯುತ್ತದೆ ಎಂಬುದನ್ನು ಗ್ರೀನರಷ್ಟು ನೇರವಾಗಿ ಹೇಳಿದವರು ಕಡಿಮೆ.

ಸಂತರ ಪುಸ್ತಕಗಳನ್ನು ಬಿಟ್ಟೆನೆಂದು ಭಾವಿಸಬೇಡಿ. ಸಂತ ಅಗುಸ್ತೀನರ 'ಕನ್ಫೆಶನ್ಸ್', ಬಾಲಯೇಸುವಿನ ಸಂತ ತೆರೇಸರ ಆತ್ಮಕಥೆ ಇವು ಯಾವ ಪಟ್ಟಿಯಲ್ಲೂ ಇರಬೇಕಾದವು. ಆದರೆ ಅಗುಸ್ತೀನರನ್ನು ಓದಲು ಸ್ವಲ್ಪ ಬದುಕು ಕಂಡಿರಬೇಕು. ಹದಿನಾರಕ್ಕೆ ಕೊಟ್ಟರೆ ರುಚಿಸದು.

ಪುಸ್ತಕ ಕೊಡುವ ರೀತಿಯ ಬಗ್ಗೆ ಒಂದೆರಡು ಮಾತು. ನೀವು ಓದದ ಪುಸ್ತಕವನ್ನು ಮಕ್ಕಳಿಗೆ ಕೊಡಬೇಡಿ. ಓದಿ ಮುಗಿಸಿದ ಮಗುವನ್ನು ಪರೀಕ್ಷೆಯಂತೆ "ನೀತಿ ಏನು?" ಎಂದು ಕೇಳಬೇಡಿ. ಎರಡು ದಿನ ಬಿಟ್ಟು, ಇಗ್ನೇಷಿಯಸರು ತಮ್ಮನ್ನೇ ಕೇಳಿಕೊಂಡದ್ದನ್ನು ಕೇಳಿ: ಮನಸ್ಸಿನಲ್ಲಿ ಏನು ಉಳಿಯಿತು? ಕೆಲವೊಮ್ಮೆ ಉತ್ತರ 'ಏನೂ ಇಲ್ಲ' ಎಂದಿರುತ್ತದೆ. ಅದೂ ಉತ್ತರವೇ. ಒಂದು ಪುಸ್ತಕ ಓದಿದ ಮೇಲೆ ಜನರ ಮೇಲೆ ತಾತ್ಸಾರ ಹುಟ್ಟಿದೆಯೆಂದರೆ, ಅದು ಎಷ್ಟೇ ಭಕ್ತಿಯ ಪುಸ್ತಕವಾಗಿದ್ದರೂ ನಾನು ಅದನ್ನು ಎರಡನೆಯವರಿಗೆ ದಾಟಿಸುವುದಿಲ್ಲ.

ದೃಢೀಕರಣ ಸಂಸ್ಕಾರಕ್ಕೆ ಗಾಡ್‌ಫಾದರ್, ಗಾಡ್‌ಮದರ್ ಆದವರು ವಾಚು, ಶರ್ಟಿನ ಜೊತೆಗೆ ಇವುಗಳಲ್ಲಿ ಒಂದನ್ನು ಕೊಡಬಹುದು. ಕೊಳ್ಳಲು ಆಗದಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಕಾರಂತರು, ತೇಜಸ್ವಿ, ತ್ರಿವೇಣಿ ಇದ್ದಾರೆಯೇ ಎಂದು ವಿಚಾರಿಸಿ. ಎಲ್ಲಿಂದ ಶುರುಮಾಡುವುದೆಂದು ಗೊತ್ತಾಗದವರು 'ಕರ್ವಾಲೊ' ತೆಗೆದುಕೊಳ್ಳಿ. ಎರಡು ಭಾನುವಾರಗಳಲ್ಲಿ ಮುಗಿಯುತ್ತದೆ.